ಏಳು ಗಡಿಯಾರ ಬಿಚ್ಚಿದ ಹುಡುಗಿ, ನೌಕಾಪಡೆಯ ಟೀಚರಮ್ಮ: ಗ್ರೇಸ್ ಹಾಪರ್ ಬಗ್ಗೆ ಮಾತಾಡೋಣ

ಹಳೇ ಮೇನ್‌ಫ್ರೇಮ್ (ಬೆಂಗಳೂರು):

ಎಲ್ಲರಿಗೂ ನಮಸ್ಕಾರ. ಇಪ್ಪತ್ತೈದು ವರ್ಷ ನನಗೆ ಅನ್ನ ಹಾಕಿದ್ದು ಕೋಬಾಲ್, ಬ್ಯಾಂಕು ಕಚೇರಿಗಳ ಲೆಕ್ಕಕ್ಕೆ ಅಂತ ಮಾಡಿದ ಹಳೇ ಕಂಪ್ಯೂಟರ್ ಭಾಷೆ. 1997ರಲ್ಲಿ ಕೆಲಸಕ್ಕೆ ಸೇರಿದಾಗ ಊರೆಲ್ಲ ವೈಟುಕೆ ಗಲಾಟೆ. ಜಾಗ ಉಳಿಸೋಕೆ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದ ಹಳೇ ಪ್ರೋಗ್ರಾಮ್‌ಗಳು, 2000 ಬಂದಾಗ ಅದನ್ನು 1900 ಅಂದುಕೊಂಡುಬಿಡುತ್ತವೆ ಅನ್ನೋ ಭಯ. ಯಾವುದೋ ದೇಶದ ಬ್ಯಾಂಕಿನ ಸಾವಿರಾರು ಸಾಲುಗಳನ್ನು ಇಲ್ಲಿ ರಾತ್ರಿ ಪಾಳಿಯಲ್ಲಿ ಕೂತು ಓದಿ ಸರಿ ಮಾಡಿದೆವು. ನಮ್ಮ ಬೇ ಪಕ್ಕದ ಗೋಡೆ ಮೇಲೆ ಒಂದು ಫೋಟೋ ಇತ್ತು. ಅಮೆರಿಕದ ನೌಕಾಪಡೆಯ ಯೂನಿಫಾರಂ ಹಾಕಿದ ಬಡಕಲು ಅಜ್ಜಿ, ಕಣ್ಣಿಗೆ ಕನ್ನಡಕ. "ಇವರೇ ನಮ್ಮ ಕೋಬಾಲ್ ಅಜ್ಜಿ, ಕೈ ಮುಗಿ" ಅಂತ ಟೀಮ್ ಲೀಡ್ ತಮಾಷೆ ಮಾಡುತ್ತಿದ್ದರು. ಗ್ರೇಸ್ ಹಾಪರ್ ಹೆಸರು ಕೇಳಿದ್ದು ಆಗಲೇ.

ಆಮೇಲೆ ಅವರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಜನ ಅವರನ್ನು ಅಡ್ಮಿರಲ್ ಅಂತ ನೆನಪಿಟ್ಟುಕೊಂಡಿದ್ದಾರೆ. ಇಲ್ಲದಿದ್ದರೆ ಹುಳದ ಕಥೆ ಹೇಳುತ್ತಾರೆ. ನನಗೆ ಮಾತ್ರ ಆಕೆ ಮೊದಲು ಟೀಚರು, ಮಿಕ್ಕಿದ್ದೆಲ್ಲ ಆಮೇಲೆ ಅನ್ನಿಸುತ್ತದೆ. ಅದನ್ನೇ ಇಲ್ಲಿ ಚರ್ಚೆಗೆ ಇಡ್ತಾ ಇದ್ದೇನೆ.

ಹುಟ್ಟಿದ್ದು 1906ರ ಡಿಸೆಂಬರ್ 9, ನ್ಯೂಯಾರ್ಕ್‌ನಲ್ಲಿ. ಏಳು ವರ್ಷದವರಿದ್ದಾಗ ಅಲಾರಂ ಗಡಿಯಾರದ ಒಳಗೆ ಏನಿದೆ ನೋಡಬೇಕು ಅಂತ ಒಂದನ್ನು ಬಿಚ್ಚಿದರು. ಮತ್ತೆ ಜೋಡಿಸೋಕೆ ಬರಲಿಲ್ಲ. ಇನ್ನೊಂದನ್ನು ಬಿಚ್ಚಿದರೆ ತಿಳಿಯುತ್ತೆ ಅಂತ ಅದನ್ನೂ ಬಿಚ್ಚಿದರು. ಹೀಗೆ ಮನೆಯಲ್ಲಿದ್ದ ಏಳು ಗಡಿಯಾರವೂ ಚಿಂದಿಯಾದ ಮೇಲೆ ಅಮ್ಮನಿಗೆ ಗೊತ್ತಾಯಿತು. ಇನ್ಮೇಲೆ ಬಿಚ್ಚೋದಾದರೆ ಒಂದನ್ನೇ ಬಿಚ್ಚು ಅಂದರಂತೆ ಆ ತಾಯಿ. ನಮ್ಮನೆಯಲ್ಲಾಗಿದ್ದರೆ ಬೆನ್ನ ಮೇಲೆ ನಾಲ್ಕು ಬೀಳುತ್ತಿದ್ದವು.

ವ್ಯಾಸರ್ ಕಾಲೇಜಿಗೆ ಸೇರಲು ಹೋದಾಗ ಲ್ಯಾಟಿನ್‌ನಲ್ಲಿ ಫೇಲಾಗಿ ಒಂದು ವರ್ಷ ಕಾದರು. 1928ರಲ್ಲಿ ಅಲ್ಲೇ ಪದವಿ. 1934ರಲ್ಲಿ ಯೇಲ್‌ನಲ್ಲಿ ಗಣಿತದ ಪಿಎಚ್‌ಡಿ. ಆದರೆ ಅದಕ್ಕೂ ಮೊದಲೇ, 1931ರಿಂದ, ವ್ಯಾಸರ್‌ನಲ್ಲಿ ಪಾಠ ಹೇಳೋಕೆ ಶುರು ಮಾಡಿದ್ದರು. ಸಂಭವನೀಯತೆಯ ಕ್ಲಾಸಿನಲ್ಲಿ ಒಂದು ಸೂತ್ರ ಹೇಳಿಕೊಟ್ಟು, ಅದರ ಮೇಲೆ ಪ್ರಬಂಧ ಬರೆಯಿರಿ ಅನ್ನುತ್ತಿದ್ದರು. ಬಂದ ಹಾಳೆಗಳ ತುಂಬ ಕೆಂಪು ಇಂಕು. "ಇದು ಗಣಿತದ ಕ್ಲಾಸಾ, ಇಂಗ್ಲಿಷ್ ಕ್ಲಾಸಾ?" ಅಂತ ಹುಡುಗಿಯರ ತಕರಾರು. ಇನ್ನೊಬ್ಬರಿಗೆ ತಿಳಿಯೋ ಹಾಗೆ ಹೇಳೋಕೆ ಬರದಿದ್ದರೆ ಗಣಿತ ಕಲಿತು ಏನುಪಯೋಗ ಅನ್ನೋದು ಇವರ ಉತ್ತರ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಆಕೆ ಮಾಡಿದ ಎಲ್ಲದರ ಬೇರು ಇಲ್ಲೇ ಇದೆ.

ಗಣಿತ ಟೀಚರ್ (ತಿಪಟೂರು ಕಡೆ):

ಹಳೇ ಮೇನ್‌ಫ್ರೇಮ್ ಸಾರ್, ನಿಮ್ಮ ಮಾತಿಗೆ ನನ್ನದೊಂದು ಓಟು. ನಾನು ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಎರಡನ್ನೂ ಮಾಡುತ್ತೇನೆ. ಆಕೆಯ ತಂತಿ ತುಂಡಿನ ವಿಡಿಯೋ ನೋಡಿದ ಮೇಲೆ ನನ್ನ ಪಾಠದ ರೀತಿಯೇ ಬದಲಾಯಿತು.

ಗೊತ್ತಿಲ್ಲದವರಿಗೆ: ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಹಾಪರ್‌ಗೆ ಅದು ತಲೆಗೆ ಹೋಗುತ್ತಿರಲಿಲ್ಲವಂತೆ. ಎಂಜಿನಿಯರ್‌ಗಳಿಗೆ ಹೇಳಿದರು, ನನಗೊಂದು ನ್ಯಾನೋಸೆಕೆಂಡ್ ಕತ್ತರಿಸಿ ಕಳಿಸಿ ಅಂತ. ಬಂದದ್ದು 11.8 ಇಂಚಿನ ತಂತಿ. ಅಷ್ಟು ಹೊತ್ತಿನಲ್ಲಿ ಬೆಳಕು ಹೆಚ್ಚೆಂದರೆ ಅಷ್ಟೇ ದೂರ ಹೋಗಬಲ್ಲದು. ಆಮೇಲೆ ಎಲ್ಲಿ ಭಾಷಣಕ್ಕೆ ಹೋದರೂ ಚೀಲದ ತುಂಬ ತಂತಿ ತುಂಡು. ಕೂತವರಿಗೆಲ್ಲ ಒಂದೊಂದು ನ್ಯಾನೋಸೆಕೆಂಡ್ ಹಂಚುತ್ತಿದ್ದರು. ಪಕ್ಕದಲ್ಲಿ ಮೈಕ್ರೋಸೆಕೆಂಡ್ ಅಂತ 984 ಅಡಿ ತಂತಿಯ ಸುರುಳಿ. ಉಪಗ್ರಹದ ಮೂಲಕ ಸಂದೇಶ ಕಳಿಸೋಕೆ ಯಾಕಷ್ಟು ತಡ ಅಂತ ದೊಡ್ಡ ಅಧಿಕಾರಿಗಳು ಕೇಳಿದರೆ, ಇಲ್ಲಿಂದ ಅಲ್ಲಿಗೆ ಇಂಥವು ಎಷ್ಟು ಹಿಡಿಸುತ್ತವೆ ಎಣಿಸಿ ಸ್ವಾಮಿ ಅನ್ನೋ ಥರ ತಂತಿ ತೋರಿಸುತ್ತಿದ್ದರು.

ನಾನು ಹಾರ್ಡ್‌ವೇರ್ ಅಂಗಡಿಯಿಂದ ಕಟ್ಟುಕಂಬಿ ತಂದೆ. 42 ಮಕ್ಕಳಿಗೆ 42 ತುಂಡು, ಒಂದೊಂದೂ ಅವರ ಸ್ಕೇಲಿಗಿಂತ ಒಂದು ಕೂದಲು ಕಡಿಮೆ. ಒಬ್ಬ ಹುಡುಗಿಯ ಅಮ್ಮ ಸಂತೆಯಲ್ಲಿ ಹೂ ಮಾರುತ್ತಾರೆ. ಅವಳು ಕಂಬಿಯನ್ನು ಮೊಣಕೈಗೆ ಹಿಡಿದು, "ಮಿಸ್, ಹಂಗಾದ್ರೆ ಒಂದು ಮೊಳ ಹೂ ಅಂದ್ರೆ ಒಂದೂವರೆ ನ್ಯಾನೋಸೆಕೆಂಡ್" ಅಂದಳು. ಲೆಕ್ಕ ಸರಿಯಾಗೇ ಇತ್ತು! ಹಿಂದಿನ ಬೆಂಚಿನವನೊಬ್ಬ ಮಿಲಿಸೆಕೆಂಡ್ ತನ್ನಿ ಅಂದ. ಅದು 300 ಕಿಲೋಮೀಟರ್ ಕಣಪ್ಪಾ, ಬೆಂಗಳೂರಿಂದ ಶಿವಮೊಗ್ಗದವರೆಗೆ ಕಂಬಿ ಎಳೀಬೇಕಾಗುತ್ತೆ ಅಂದೆ.

ಸಾವಿರ ಸಲ "ಹತ್ತರ ಘಾತ ಮೈನಸ್ ಒಂಬತ್ತು" ಅಂತ ಬೋರ್ಡಿನ ಮೇಲೆ ಬರೆದಿದ್ದೆ. ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ.

ಅನುಮಾನದ ಅಪ್ಪಣ್ಣ:

ನಾನು ಸ್ವಲ್ಪ ತಣ್ಣೀರು ಹಾಕುತ್ತೇನೆ, ಬೇಜಾರಾಗಬೇಡಿ. ವಾಟ್ಸಾಪಿನಲ್ಲಿ ಆಕೆಯ ಬಗ್ಗೆ ಓಡಾಡುವುದರಲ್ಲಿ ಅರ್ಧಕ್ಕರ್ಧ ಅತಿಶಯೋಕ್ತಿ.

ಹುಳದ ಕಥೆಯನ್ನೇ ತಗೊಳ್ಳಿ. ಕಂಪ್ಯೂಟರಿನೊಳಗೆ ಹುಳ ಹಿಡಿದು, ಪ್ರೋಗ್ರಾಮಿನ ದೋಷಕ್ಕೆ 'ಬಗ್' (ಹುಳ) ಅಂತ ಹೆಸರಿಟ್ಟದ್ದು ಹಾಪರ್ ಅಂತಾರೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರಿನ ರಿಲೇ (ವಿದ್ಯುತ್ ಸ್ವಿಚ್) ಒಳಗೆ ಪತಂಗ ಸಿಕ್ಕಿದ್ದು ನಿಜ. ಅದನ್ನು ಟೇಪ್ ಹಾಕಿ ಅಂಟಿಸಿದ ಲಾಗ್ ಪುಸ್ತಕ ಇವತ್ತಿಗೂ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಆದರೆ ಅದನ್ನು ಹಿಡಿದದ್ದು ಹಾಪರ್ ಅಲ್ಲ. 'ಬಗ್' ಅನ್ನೋ ಮಾತು ಹುಟ್ಟಿದ್ದೂ ಆವತ್ತಲ್ಲ. ಎಡಿಸನ್ 1878ರಲ್ಲೇ ಪತ್ರದಲ್ಲಿ ಬಳಸಿದ್ದಾನೆ. ಲಾಗ್ ಪುಸ್ತಕದಲ್ಲಿ ಬರೆದಿರುವುದೇ "ನಿಜವಾದ ಹುಳ ಸಿಕ್ಕ ಮೊದಲ ಪ್ರಕರಣ" ಅಂತ. ಹಳೇ ಮಾತು ಇದ್ದದ್ದಕ್ಕೇ ಅಲ್ವಾ ಆ ಜೋಕು?

ಇನ್ನು ಕೋಬಾಲ್. 1959ರ ಮೇ ತಿಂಗಳಲ್ಲಿ ಪೆಂಟಗನ್‌ನಲ್ಲಿ ಸಭೆ ಸೇರಿ, ಸಮಿತಿ ಮಾಡಿ, ಹಲವರು ಕೂತು ಕಟ್ಟಿದ ಭಾಷೆ ಅದು. ಸಮಿತಿಯಲ್ಲಿ ಬೆವರು ಸುರಿಸಿದ ಜೀನ್ ಸ್ಯಾಮೆಟ್ ಅನ್ನೋ ಇನ್ನೊಬ್ಬ ಹೆಂಗಸು, ಹಾಪರ್‌ರನ್ನು ಕೋಬಾಲ್ ತಾಯಿ ಅನ್ನೋದು ಸರಿಯಲ್ಲ ಅಂತ ಕೊನೆವರೆಗೂ ಹೇಳುತ್ತಿದ್ದರು. ಒಬ್ಬರನ್ನು ಎತ್ತಿ ಕೂರಿಸೋಕೆ ಇನ್ನೊಬ್ಬರನ್ನು ಮರೆಯೋದು ಯಾಕೆ?

ಹಳೇ ಮೇನ್‌ಫ್ರೇಮ್:

ಅಪ್ಪಣ್ಣ, ಬೇಜಾರೇನಿಲ್ಲ. ನೀವು ಹೇಳಿದ್ದು ಸರಿ. ತಾಯಿ ಅನ್ನೋದು ಬೇಡ, ಅಜ್ಜಿ ಅನ್ನೋಣ. ಯಾಕೆಂದರೆ ಕೋಬಾಲ್ ನಿಂತಿರೋದು ಹಾಪರ್ ತಂಡದ ಫ್ಲೋ-ಮ್ಯಾಟಿಕ್ ಹೆಗಲ ಮೇಲೆ. ಇಂಗ್ಲಿಷ್ ಪದಗಳಲ್ಲೇ ಪ್ರೋಗ್ರಾಮ್ ಬರೆಯೋ ಅದಕ್ಕೂ ಹಿಂದಿನ ಭಾಷೆ ಅದು.

ಆದರೆ ನನ್ನ ಮಾತು ಕೋಬಾಲ್‌ಗಿಂತ ಹಿಂದಿನದು. 1949ರಲ್ಲಿ ಆಕೆ ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಕಂಪನಿ ಸೇರಿದರು, ಯುನಿವ್ಯಾಕ್ ಕಂಪ್ಯೂಟರ್ ಮಾಡುತ್ತಿದ್ದವರು. ಆಗ ಒಂದು ಪ್ರೋಗ್ರಾಮ್ ಬರೆಯಬೇಕಂದರೆ, ಮೊದಲು ಬರೆದಿಟ್ಟಿದ್ದ ಸಣ್ಣ ಸಣ್ಣ ತುಣುಕುಗಳನ್ನು ನೋಟ್‌ಬುಕ್ಕಿನಿಂದ ಕೈಯಲ್ಲಿ ನಕಲು ಮಾಡಬೇಕಿತ್ತು. ನಕಲು ಮಾಡುವಾಗ ಪ್ರತಿ ಸಾಲಿನ ವಿಳಾಸಕ್ಕೂ (ಯಂತ್ರದ ನೆನಪಿನಲ್ಲಿ ಅದು ಕೂರುವ ಜಾಗದ ನಂಬರ್) ಒಂದು ಸಂಖ್ಯೆ ಕೂಡಿಸುತ್ತಾ ಹೋಗಬೇಕು. ಹಾಪರ್ ಕಂಡುಕೊಂಡದ್ದು ಎರಡು ಸಂಗತಿ. ಪ್ರೋಗ್ರಾಮರ್‌ಗಳಿಗೆ ಸರಿಯಾಗಿ ನಕಲು ಮಾಡೋಕೆ ಬರೋಲ್ಲ. ಕೂಡೋಕೂ ಬರೋಲ್ಲ! ಇಂಗ್ಲಿಷಿನ 'ಬಿ' ಅಕ್ಷರ ಇನ್ನೊಬ್ಬರ ಹಾಳೆಗೆ ಹೋಗುವಷ್ಟರಲ್ಲಿ 13 ಆಗಿರುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ "ಗಮನ ಕೊಟ್ಟು ಬರೀರಿ" ಅಂತ ಗದರಿ ಸುಮ್ಮನಾಗುತ್ತಿದ್ದರು. ಹತ್ತಾರು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವರಿಗೆ ಗೊತ್ತಿರುತ್ತದೆ, ಎಲ್ಲರೂ ಒಂದೇ ಜಾಗದಲ್ಲಿ ಎಡವುತ್ತಿದ್ದರೆ ತಪ್ಪು ಮಕ್ಕಳದ್ದಲ್ಲ ಅಂತ. ನಕಲು ಮಾಡೋದು, ಕೂಡೋದು ಯಂತ್ರದ ಕೆಲಸ, ಅದಕ್ಕೇ ಕೊಡೋಣ ಅಂದರು. 1952ರಲ್ಲಿ ಎ-ಝೀರೋ ತಯಾರಾಯಿತು. ಕಂಪೈಲರ್ ಅನ್ನೋ ಹೆಸರು ಹೊತ್ತದ್ದು ಅದೇ ಮೊದಲು. ಇವತ್ತಿನ ಅರ್ಥದ ಕಂಪೈಲರ್, ಅಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸೋ ಪ್ರೋಗ್ರಾಮ್, ಅದಲ್ಲ, ತುಣುಕುಗಳನ್ನು ಹುಡುಕಿ ಜೋಡಿಸುವ ಪ್ರೋಗ್ರಾಮ್ (ಅಪ್ಪಣ್ಣ ಹೇಳೋ ಮೊದಲು ನಾನೇ ಹೇಳಿಬಿಡುತ್ತೇನೆ). ಓಡುತ್ತಿದ್ದದ್ದನ್ನು ಕಣ್ಣ ಮುಂದೆ ತೋರಿಸಿದರೂ ಜನ ಮುಟ್ಟಲಿಲ್ಲವಂತೆ. ಕಂಪ್ಯೂಟರ್ ಲೆಕ್ಕ ಮಾಡುತ್ತೆ ಅಷ್ಟೇ, ಪ್ರೋಗ್ರಾಮ್ ಬರೆಯೋಲ್ಲ ಅಂತ ಅವರ ವಾದ.

ಮಾಜಿ ಫೌಜಿ (ಕೊಡಗು):

ಟೀಚರ್ ಟೀಚರ್ ಅಂತ ಯೂನಿಫಾರಂ ಮರೀಬೇಡಿ ಸಾರ್. ನಾನು ಸಿಗ್ನಲ್ಸ್‌ನಲ್ಲಿ ಇದ್ದವನು.

ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ಎರಡು ದಿನಕ್ಕೆ ಆಕೆಗೆ 35 ತುಂಬಿತು. ಕೈಯಲ್ಲಿ ಪಕ್ಕಾ ಕೆಲಸ. ನೌಕಾಪಡೆ ವಯಸ್ಸು ಜಾಸ್ತಿ ಅಂತು. ತೂಕ ಇರಬೇಕಾದ್ದಕ್ಕಿಂತ 15 ಪೌಂಡ್ ಕಮ್ಮಿ ಅಂತು. ಗಣಿತದ ಪ್ರೊಫೆಸರ್ ಅಲ್ಲೇ ಇದ್ದರೆ ದೇಶಕ್ಕೆ ಉಪಯೋಗ ಅಂತು. ಮುತ್ತಜ್ಜ ನೌಕಾಪಡೆಯಲ್ಲಿ ರಿಯರ್ ಅಡ್ಮಿರಲ್ ಆಗಿದ್ದವರು, ರಕ್ತ ಬಿಡಬೇಕಲ್ಲ. ಬೆನ್ನು ಬಿದ್ದು ವಿನಾಯಿತಿ ತಗೊಂಡು 1943ರ ಡಿಸೆಂಬರಿನಲ್ಲಿ ಮಹಿಳಾ ರಿಸರ್ವ್ ಸೇರಿದರು. ಟ್ರೇನಿಂಗ್‌ನಲ್ಲಿ ಇಡೀ ಬ್ಯಾಚಿಗೆ ಮೊದಲಿಗರು. ಜೊತೆಗಿದ್ದ ಎಷ್ಟೋ ಹುಡುಗಿಯರು ಅವರ ವಿದ್ಯಾರ್ಥಿನಿಯರ ವಯಸ್ಸಿನವರು.

1944ರ ಜುಲೈನಲ್ಲಿ ಹಾರ್ವರ್ಡ್‌ನ ಮಾರ್ಕ್ 1 ಯಂತ್ರದ ಎದುರು ನಿಲ್ಲಿಸಿದರು. 51 ಅಡಿ ಉದ್ದ, 8 ಅಡಿ ಎತ್ತರ. ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾಡುತ್ತಿತ್ತು. ಅಷ್ಟಕ್ಕೇ ಆವತ್ತು ಅದು ಅದ್ಭುತ. ಮುಖ್ಯಸ್ಥ ಹೋವರ್ಡ್ ಏಕನ್ ಗಡುಸು ಮನುಷ್ಯ. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದಿರಿ ಅಂತಲೇ ಮಾತು ಶುರು ಮಾಡಿದನಂತೆ. ಸ್ವಲ್ಪ ದಿನಕ್ಕೆ, ಈ ಯಂತ್ರದ ಬಗ್ಗೆ ಪುಸ್ತಕ ಬರೀರಿ ಅಂದ. ನನಗೆ ಪುಸ್ತಕ ಬರೆದು ಗೊತ್ತಿಲ್ಲ ಅಂದರೆ, ನೀವೀಗ ನೌಕಾಪಡೆಯಲ್ಲಿದ್ದೀರಿ ಅಂದ. ಮುಗೀತು. ದಿನಾ ಬರೆದ ಪುಟಗಳನ್ನು ಅವನೆದುರು ಓದಬೇಕಿತ್ತು. 1946ರಲ್ಲಿ 561 ಪುಟದ ಪುಸ್ತಕ ಹೊರಬಂತು. ಆರ್ಡರ್ ಅಂದರೆ ಏನು ಅಂತ ಫೌಜಿಗಳಿಗೆ ಗೊತ್ತು.

ಯುದ್ಧ ಮುಗಿದ ಮೇಲೆ ಖಾಯಂ ಕಮಿಷನ್ ಕೇಳಿದರು. ವಯಸ್ಸು ಮೀರಿದೆ ಅಂತ ಕೊಡಲಿಲ್ಲ. ರಿಸರ್ವ್‌ನಲ್ಲೇ ಉಳಿದರು. 1966ರ ಕೊನೆಗೆ ನಿವೃತ್ತಿ ಮಾಡಿ ಮನೆಗೆ ಕಳಿಸಿದರು. ಏಳೆಂಟು ತಿಂಗಳಿಗೆ ಮತ್ತೆ ಕರೆ: ನಮ್ಮ ಕಂಪ್ಯೂಟರ್‌ಗಳೆಲ್ಲ ಒಂದೊಂದು ಥರ ಕೋಬಾಲ್ ಮಾತಾಡ್ತಾ ಇವೆ, ಆರು ತಿಂಗಳ ಮಟ್ಟಿಗೆ ಬಂದು ಸರಿ ಮಾಡಿಕೊಡಿ. ಆ ಆರು ತಿಂಗಳು ಮುಗಿದದ್ದು 1986ರ ಆಗಸ್ಟ್ 14ಕ್ಕೆ! ಆಗ ವಯಸ್ಸು 79, ಹುದ್ದೆ ರಿಯರ್ ಅಡ್ಮಿರಲ್. ಬಾಸ್ಟನ್‌ನಲ್ಲಿ ಕಾನ್‌ಸ್ಟಿಟ್ಯೂಷನ್ ಅನ್ನೋ ಹಳೇ ಹಾಯಿ ಯುದ್ಧನೌಕೆಯ ಮೇಲೆ ಬೀಳ್ಕೊಟ್ಟರು. ನಮ್ಮ ಸೇನೆಯಲ್ಲಿ ವೈದ್ಯಕೀಯ, ನರ್ಸಿಂಗ್ ಬಿಟ್ಟು ಬೇರೆ ವಿಭಾಗಗಳಿಗೆ ಹೆಣ್ಣುಮಕ್ಕಳನ್ನು ಆಫೀಸರ್ ಆಗಿ ತಗೊಳ್ಳೋಕೆ ಶುರು ಮಾಡಿದ್ದೇ 1992ರಲ್ಲಿ. ಆ ವರ್ಷದ ಜನವರಿ 1ಕ್ಕೆ ಈಕೆ ತೀರಿಕೊಂಡಿದ್ದರು.

ಸುಮ್ನೆ ಓದೋಳು:

ಫೌಜಿ ಅಂಕಲ್, ಒಂದು ಪ್ರಶ್ನೆ. ಆ ಮಾರ್ಕ್ 1 ಯಂತ್ರದಲ್ಲಿ ಅಣುಬಾಂಬಿನ ಲೆಕ್ಕವೂ ಆಯಿತು ಅಂತ ಓದಿದ್ದೆ. ಅದರ ಬಗ್ಗೆ ಯಾರೂ ಮಾತಾಡ್ತಾ ಇಲ್ಲ.

ಮಾಜಿ ಫೌಜಿ (ಕೊಡಗು):

ನಿಜ ತಾಯಿ. 1944ರಲ್ಲಿ ಜಾನ್ ಫಾನ್ ನಾಯ್ಮನ್ ಅನ್ನೋ ದೊಡ್ಡ ಗಣಿತಜ್ಞ ಬಂದು ಒಂದು ಲೆಕ್ಕ ಮಾಡಿಸಿಕೊಂಡು ಹೋದರು. ಅದು ನಾಗಸಾಕಿ ಮೇಲೆ ಹಾಕಿದ ಥರದ ಬಾಂಬಿಗೆ ಸಂಬಂಧಪಟ್ಟದ್ದು. ಅಲ್ಲಿದ್ದವರಿಗೆ ಯಾವುದಕ್ಕೆ ಅಂತ ಆಗ ಹೇಳಿರಲಿಲ್ಲ. ಯೂನಿಫಾರಂ ಹಾಕಿದ ಮೇಲೆ ಇಂಥದ್ದೂ ಲೆಕ್ಕಕ್ಕೆ ಬರುತ್ತದೆ. ನಾನು ಸಮರ್ಥನೆ ಮಾಡ್ತಾ ಇಲ್ಲ.

ಸುಮ್ನೆ ಓದೋಳು:

ಥ್ಯಾಂಕ್ಸ್ ಅಂಕಲ್. ಇನ್ನೊಂದು ಮಾತು. ಇಂಥವರ ಕಥೆ ಹೇಳುವಾಗ ಮೆಡಲುಗಳನ್ನು ಪೋಣಿಸಿ ಹಾರ ಹಾಕುತ್ತೇವೆ. ನಡುವಿನ ಕಷ್ಟ ಬಿಟ್ಟುಬಿಡುತ್ತೇವೆ. ಮದುವೆ 1930ರಲ್ಲಿ, ವಿಚ್ಛೇದನ 1945ರಲ್ಲಿ. ಮಕ್ಕಳಿರಲಿಲ್ಲ. ವ್ಯಾಸರ್‌ನವರು ವಾಪಸ್ ಬನ್ನಿ ಅಂದರೂ ಹೋಗದೆ ಹಾರ್ವರ್ಡ್‌ನಲ್ಲೇ ಉಳಿದರು. ಅಲ್ಲಿ ಖಾಯಂ ಜಾಗ ಸಿಗಲಿಲ್ಲ. ಆ ದಿನಗಳಲ್ಲಿ ಕುಡಿತಕ್ಕೆ ಬಿದ್ದರು. 1949ರಲ್ಲಿ ಕುಡಿದು ಪೊಲೀಸರ ಕೈಗೂ ಸಿಕ್ಕಿದ್ದರು. ಗೆಳೆಯರು ಕೈಬಿಡಲಿಲ್ಲ. ಕಂಪೈಲರ್ ಬಂದದ್ದು ಇದಾದ ಮೂರೇ ವರ್ಷಕ್ಕೆ. ನನ್ನ ಮನೆಯಲ್ಲೂ ಇಂಥ ಒಬ್ಬರಿದ್ದಾರೆ, ಅದಕ್ಕೇ ಈ ಭಾಗ ನನಗೆ ಮುಖ್ಯ ಅನ್ನಿಸಿತು. ಇಷ್ಟೇ ಹೇಳೋದಿತ್ತು.

ಹಾಂ, ನಗು ಬರಿಸೋ ಒಂದು ವಿಷಯ: 1969ರಲ್ಲಿ ಡೇಟಾ ಪ್ರೊಸೆಸಿಂಗ್ ಸಂಘದವರು ಕಂಪ್ಯೂಟರ್ ಕ್ಷೇತ್ರದ "ವರ್ಷದ ಪುರುಷ" ಅನ್ನೋ ಪ್ರಶಸ್ತಿ ಶುರು ಮಾಡಿದರು. ಮೊದಲನೆಯದನ್ನು ಕೊಟ್ಟಿದ್ದು ಗ್ರೇಸ್ ಹಾಪರ್‌ಗೆ!

ಕೋಡ್ ಹುಡುಗ:

ಸಾರ್, ಕೋಬಾಲ್ ಸತ್ತು ಎಷ್ಟೋ ವರ್ಷ ಆಯ್ತಲ್ವಾ? ನಮ್ಮ ಕಾಲೇಜಿನಲ್ಲಿ ಹೆಸರೂ ಎತ್ತೋಲ್ಲ.

ಹಳೇ ಮೇನ್‌ಫ್ರೇಮ್:

ತಮ್ಮಾ, ಅದು ಸತ್ತಿದೆ ಅಂತ ನಾನು ಕೆಲಸಕ್ಕೆ ಸೇರಿದ ದಿನದಿಂದ ಕೇಳುತ್ತಾ ಬಂದಿದ್ದೇನೆ. 2020ರ ಏಪ್ರಿಲ್‌ನಲ್ಲಿ, ಕೊರೊನಾ ಹೊತ್ತಿನಲ್ಲಿ, ಅಮೆರಿಕದ ನ್ಯೂಜೆರ್ಸಿಯ ಗವರ್ನರ್ ಕೋಬಾಲ್ ಗೊತ್ತಿದ್ದವರು ಬನ್ನಿ ಅಂತ ಬಹಿರಂಗವಾಗಿ ಕೇಳಿಕೊಂಡರು. ನಿರುದ್ಯೋಗ ಭತ್ಯೆ ಕೊಡೋ ಹಳೇ ವ್ಯವಸ್ಥೆ ಅರ್ಜಿಗಳ ಭಾರಕ್ಕೆ ಏದುಸಿರು ಬಿಡುತ್ತಿತ್ತು. ನನಗೂ ಆ ತಿಂಗಳು ಹಳೇ ಸಹೋದ್ಯೋಗಿಗಳಿಂದ ಮೂರು ಫೋನು ಬಂತು.

ನಮ್ಮ ಮೊದಲ ಕಚೇರಿಯಲ್ಲಿ ಒಂದು ಫಾರಂ ಇತ್ತು. ಮೂರು ಪ್ರತಿ ತುಂಬಬೇಕು. ಮೂರನೆಯದನ್ನು ಯಾರೂ ಓದುತ್ತಿರಲಿಲ್ಲ. ಯಾಕೆ ತುಂಬಬೇಕು ಅಂದರೆ "ಮೊದಲಿಂದ ಹೀಗೇ ನಡ್ಕೊಂಡು ಬಂದಿದೆ". ಹಾಪರ್‌ಗೆ ಆಗದ ಮಾತು ಇದೊಂದೇ. ಇದಕ್ಕೇ ಅಂತ ಆಫೀಸಿನ ಗೋಡೆಗೆ ಉಲ್ಟಾ ತಿರುಗುವ ಗಡಿಯಾರ ಹಾಕಿಕೊಂಡಿದ್ದರು. ಮುಳ್ಳು ಎಡಕ್ಕೆ ಓಡುತ್ತದೆ, ಟೈಮ್ ಮಾತ್ರ ಸರಿಯಾಗೇ ತೋರಿಸುತ್ತದೆ. ಏಳು ವರ್ಷಕ್ಕೆ ಹಿಡಿದ ಗಡಿಯಾರದ ಹುಚ್ಚು ಬಿಟ್ಟಿರಲಿಲ್ಲ ನೋಡಿ.

ಭಾಷೆಯ ಹುಚ್ಚು (ಧಾರವಾಡ):

ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದದ್ದು ಇನ್ನೂ ಯಾರೂ ಹೇಳಿಲ್ಲ.

1950ರ ದಶಕದ ನಡುವಿನಲ್ಲಿ ಹಾಪರ್ ಇಂಗ್ಲಿಷ್ ಮಾತಿನಲ್ಲೇ ಕಂಪ್ಯೂಟರಿಗೆ ಆಜ್ಞೆ ಕೊಡಬಹುದು ಅಂತ ತೋರಿಸೋಕೆ ಒಂದು ಸಣ್ಣ ಪ್ರೋಗ್ರಾಮ್ ಮಾಡಿದರು. ಗಣಿತ ಬರದ ಲೆಕ್ಕಪತ್ರದವರೂ ಓದೋ ಹಾಗಿರಬೇಕು ಅನ್ನೋದು ಆಸೆ. ಮೇಲಿನವರಿಂದ ದುಡ್ಡು ಕೇಳಬೇಕಿತ್ತು. ತೋರಿಸುವಾಗ ಉತ್ಸಾಹ ಜಾಸ್ತಿಯಾಗಿ, ಅದೇ ಪ್ರೋಗ್ರಾಮನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲೂ ಓಡಿಸಿದರು. ಯಂತ್ರಕ್ಕೆ ಎಲ್ಲವೂ ಗುರುತು ಅಷ್ಟೇ, ಯಾವ ಭಾಷೆಯಾದರೇನು? ಸಾಹೇಬರುಗಳು ಗಾಬರಿಯಾದರು. ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಅಮೆರಿಕನ್ ಕಂಪ್ಯೂಟರಿಗೆ ಫ್ರೆಂಚ್, ಜರ್ಮನ್ ಹೇಗೆ ಬಂದೀತು ಅಂತ! ಇಂಗ್ಲಿಷ್ ಒಂದನ್ನೇ ಮಾಡುತ್ತೇವೆ ಅಂತ ಒಪ್ಪಿಸೋಕೆ ತಿಂಗಳುಗಟ್ಟಲೆ ಬೇಕಾಯಿತಂತೆ.

ಆ ಸಾಹೇಬರು ಸ್ವಲ್ಪ ಧೈರ್ಯ ಮಾಡಿದ್ದರೆ ನಮ್ಮ ಕಥೆಯೂ ಬೇರೆ ಇರುತ್ತಿತ್ತೇನೋ ಅಂತ ಆಸೆ ನನಗೆ. ಹಾಗಾಗಿ ನಾನೇ ಕೂತು ಪ್ರಯತ್ನ ಮಾಡಿದೆ. ಕೋಬಾಲ್‌ನಲ್ಲಿ "ಆ್ಯಡ್ ಇಂಟರೆಸ್ಟ್ ಟು ಬ್ಯಾಲೆನ್ಸ್" ಅಂತ ಬರೆಯಬಹುದು. ಪದಕ್ಕೆ ಪದ ಇಟ್ಟರೆ "ಕೂಡಿಸು ಬಡ್ಡಿ ಗೆ ಶಿಲ್ಕು" ಆಗುತ್ತದೆ. ನಮ್ಮ ಕಿರಾಣಿ ಅಂಗಡಿ ಶೆಟ್ಟರು ಇದನ್ನು ಓದಿದರೆ ಬಡ್ಡಿಗೇ ಶಿಲ್ಕು ಕೂಡಿಸಿಬಿಡುತ್ತಾರೆ! ಇಂಗ್ಲಿಷಿನಲ್ಲಿ ಆಜ್ಞೆ ಕೊಡುವಾಗ ಕ್ರಿಯಾಪದ ಮೊದಲು ಬರುತ್ತದೆ. ಫ್ರೆಂಚ್, ಜರ್ಮನ್‌ನಲ್ಲೂ ಹಾಗೇ. ಅದಕ್ಕೇ ಪದ ಬದಲಾಯಿಸಿದರೆ ಸಾಕಾಯಿತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. "ಗೆ" ಹೆಸರಿಗೇ ಅಂಟಿಕೊಳ್ಳುತ್ತದೆ. "ಬಡ್ಡಿಯನ್ನು ಶಿಲ್ಕಿಗೆ ಕೂಡಿಸು" ಅಂತ ಯಂತ್ರಕ್ಕೆ ತಿಳಿಯಬೇಕಾದರೆ, ಶಿಲ್ಕು ಅನ್ನೋ ಹೆಸರು ಶಿಲ್ಕಿಗೆ, ಶಿಲ್ಕಿನಿಂದ, ಶಿಲ್ಕಿನಲ್ಲಿ ಅಂತ ವೇಷ ಹಾಕಿದರೂ ಒಂದೇ ಅಂತ ಮೊದಲು ಹೇಳಿಕೊಡಬೇಕು. ವಿಭಕ್ತಿ ಪಾಠ ಕಂಪ್ಯೂಟರಿಗೆ!

ಅನುಮಾನದ ಅಪ್ಪಣ್ಣ:

ಇದು ಚೆನ್ನಾಗಿದೆ. ಒಂದು ತಕರಾರು ಮಾತ್ರ. ಶಿಲ್ಕು ಅಂದರೆ ದಿನದ ಕೊನೆಗೆ ಪೆಟ್ಟಿಗೆಯಲ್ಲಿ ಉಳಿದದ್ದು. ಬ್ಯಾಂಕ್ ಖಾತೆಗೆ "ಬಾಕಿ" ಅನ್ನಬಹುದಲ್ಲ?

ಭಾಷೆಯ ಹುಚ್ಚು (ಧಾರವಾಡ):

ಬಾಕಿ ಅಂದರೆ ನಮ್ಮ ಕಡೆ ಕೊಡಬೇಕಾದದ್ದು ಅಂತ ತಿಳಿಯುತ್ತಾರೆ. ಗಿರಾಕಿ ಹೆದರಿ ಓಡುತ್ತಾನೆ. ಶಿಲ್ಕೇ ಇರಲಿ.

ಹಳೇ ಮೇನ್‌ಫ್ರೇಮ್:

ನೋಡಿ, ಸಮಿತಿ ಶುರುವಾಯಿತು. 1959ರಲ್ಲೂ ಹೀಗೇ ಒಂದೊಂದು ಪದಕ್ಕೆ ಜಗಳವಾಡಿದ್ದರು. ಆದರೂ 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಮ್ ಎರಡು ಬೇರೆ ಕಂಪನಿಗಳ ಯಂತ್ರದಲ್ಲಿ, ಒಂದು ಯುನಿವ್ಯಾಕ್, ಇನ್ನೊಂದು ಆರ್‌ಸಿಎ, ಓಡಿತು. ಅಲ್ಲಿವರೆಗೆ ಯಂತ್ರ ಬದಲಾದರೆ ಪ್ರೋಗ್ರಾಮ್ ಮೊದಲಿಂದ ಬರೆಯಬೇಕಿತ್ತು.

ಮೊದಲು ಎತ್ತಿದ ಪ್ರಶ್ನೆಗೆ ವಾಪಸ್ ಬರ್ತೀನಿ. ಕೊನೆಗಾಲದಲ್ಲಿ ಆಕೆಯನ್ನು, ನಿಮಗೆ ಹೆಮ್ಮೆಯ ಕೆಲಸ ಯಾವುದು ಅಂತ ಕೇಳಿದರೆ, ಕಂಪೈಲರ್ ಅನ್ನುತ್ತಿರಲಿಲ್ಲ. ತಾನು ತಯಾರು ಮಾಡಿದ ಹುಡುಗ ಹುಡುಗಿಯರು ಅನ್ನುತ್ತಿದ್ದರು. ಫೌಜಿ ಸಾರ್, ನನ್ನ ಪಕ್ಷಕ್ಕೆ ಬರ್ತೀರಾ?

ಮಾಜಿ ಫೌಜಿ (ಕೊಡಗು):

ಅರ್ಧ ಬರ್ತೀನಿ. ಹೂತದ್ದು ಆರ್ಲಿಂಗ್ಟನ್ ಸೈನಿಕರ ಸ್ಮಶಾನದಲ್ಲಿ. ಯುದ್ಧನೌಕೆಗೂ ಆಕೆಯ ಹೆಸರಿದೆ.

ಹಳೇ ಮೇನ್‌ಫ್ರೇಮ್:

ಯೇಲ್‌ನಲ್ಲಿ ಒಂದು ಕಾಲೇಜಿಗೂ 2017ರಲ್ಲಿ ಆಕೆಯ ಹೆಸರಿಟ್ಟರು. ಗುಲಾಮಗಿರಿ ಪರ ಇದ್ದ ಕ್ಯಾಲ್‌ಹೂನ್ ಹೆಸರು ತೆಗೆದು ಅಲ್ಲಿಗೆ ಇಟ್ಟದ್ದು. ಒಂದಕ್ಕೊಂದು ಸಮ.

ಗಣಿತ ಟೀಚರ್ (ತಿಪಟೂರು ಕಡೆ):

ನಾನು ಇವತ್ತು ತಡ. ಪರೀಕ್ಷೆ ಪೇಪರ್ ರಾಶಿ ಇದೆ. ಭಾಷೆಯ ಹುಚ್ಚು ಅವರ ವಿಭಕ್ತಿ ವಿಚಾರವನ್ನು ನಮ್ಮ ಕನ್ನಡ ಮೇಷ್ಟ್ರಿಗೆ ಕಳಿಸಿದ್ದೇನೆ. ಮುಂದಿನ ವಾರ ಇಬ್ಬರೂ ಸೇರಿ ಒಂಬತ್ತನೇ ಕ್ಲಾಸಿಗೆ ಒಂದು ಪೀರಿಯಡ್ ಮಾಡೋಣ ಅಂದಿದ್ದಾರೆ.

ಇವತ್ತು ಬೆಳಗ್ಗೆ ಪ್ರೇಯರ್ ಮುಗಿದ ಮೇಲೆ ಆ ಹಿಂದಿನ ಬೆಂಚಿನ ಹುಡುಗ ತಲೆ ತಗ್ಗಿಸಿಕೊಂಡು ಬಂದ. "ಮಿಸ್, ನನ್ನ ನ್ಯಾನೋಸೆಕೆಂಡನ್ನು ಅಜ್ಜಿ ತೊಗೊಂಡು ಮೇಕೆ ಬೇಲಿಗೆ ಸುತ್ತಿಬಿಟ್ರು. ಇನ್ನೊಂದು ಕೊಡ್ತೀರಾ?" ಸಂಜೆ ಬರುವಾಗ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಇನ್ನೂ ಅರ್ಧ ಕೆಜಿ ಕಟ್ಟುಕಂಬಿ ತಂದಿದ್ದೇನೆ.